ಮಾಸ್ಟ್ರು ಹೋದ ಮೇಲೆ ಬಂದ ಮಗಳು, ಪುಸ್ತಕ, ಸನ್ಮಾನ: ಮಂಜೇಶ್ವರ ತಾಲೂಕಿನ ಒಂದು ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪೈವಳಿಕೆಯಿಂದ ಇನ್ನೂ ಒಳಗೆ ಹೋದರೆ ಸಿಗುವ ಒಂದು ಊರಿನ ಪ್ರಕರಣ ಇದು. ಅಲ್ಲಿನ ಅನುದಾನಿತ ಶಾಲೆಯ ಕನ್ನಡ ಮಾಸ್ಟ್ರು 2016ರ ಅಕ್ಟೋಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 41. ಮನೆಯಲ್ಲಿ ತಾಯಿ, ಹೆಂಡತಿ, ಏಳು ವರ್ಷದ ಮಗ. ಹೆಂಡತಿ ಆಗ ಆರು ತಿಂಗಳ ಬಸುರಿ. 2017ರ ಜನವರಿಯಲ್ಲಿ ಮಗಳು ಹುಟ್ಟಿದಳು. 2021ರಲ್ಲಿ ಅವರ ಯಕ್ಷಗಾನ ಪ್ರಸಂಗಗಳ, ಅಂದರೆ ಆಟಕ್ಕೆ ಬರೆದ ಪದ್ಯರೂಪದ ಕಥೆಗಳ, ಪುಸ್ತಕ ಬಂತು. ಅದರ ಮರುವರ್ಷ ಮರಣೋತ್ತರ ಸನ್ಮಾನವೂ ಆಯಿತು.

ಅದೇ ಶಾಲೆಯಲ್ಲಿ ಅವರಿಗಿಂತ ಮೊದಲು ಪಾಠ ಮಾಡಿ ನಿವೃತ್ತನಾದವನು ನಾನು. ಮನೆಯವರು ಕರೆದರು ಅಂತ ಕಾಗದಪತ್ರದ ಓಡಾಟದಲ್ಲೂ ಪುಸ್ತಕದ ಕೆಲಸದಲ್ಲೂ ಜೊತೆಗಿದ್ದೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು.

ಒಬ್ಬರು ಹೋದ ಮೇಲೆ ಅವರ ಹೆಸರಿನಲ್ಲಿ ಏನೇ ಬಂದರೂ ಅದಕ್ಕೆ ಅವರು ಸಹಿ ಹಾಕಲಾರರು, ತಿದ್ದಲಾರರು, ಬೇಡ ಅನ್ನಲೂ ಆರರು. ಎಲ್ಲವನ್ನೂ ಉಳಿದವರೇ ತೀರ್ಮಾನ ಮಾಡಬೇಕು. ಹಾಗಾಗಿ ಯಾವುದನ್ನು ಮೊದಲು ಮಾಡಬೇಕು ಅನ್ನುವುದು ಬಹಳ ಮುಖ್ಯ. ಮೊದಲು ಮಗು, ಆಮೇಲೆ ಬರಹ, ಕೊನೆಗೆ ಸನ್ಮಾನ. ನಮ್ಮ ಕಡೆ ಜಾಸ್ತಿ ನಡೆಯುವುದು ಉಲ್ಟಾ. ಬೊಜ್ಜ (ಉತ್ತರಕ್ರಿಯೆ) ಕಳೆಯುವ ಮೊದಲೇ ನುಡಿನಮನ, ಸಂಸ್ಮರಣ ಗ್ರಂಥ, ಅವರ ಹೆಸರಿನಲ್ಲಿ ಪ್ರಶಸ್ತಿ ಅಂತ ಮಾತು ಶುರುವಾಗುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಪಾಲಿನ ಮಾತು ಯಾರೂ ಎತ್ತುವುದಿಲ್ಲ. ಅವರು ಬರೆದಿಟ್ಟ ಅಟ್ಟದ ಮೇಲಿನ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತಿರುತ್ತದೆ.

ಮೂರು ಪಾಲಾ, ನಾಲ್ಕು ಪಾಲಾ

ಮಾಸ್ಟ್ರು ವಿಲ್ ಬರೆದಿರಲಿಲ್ಲ. ನಲವತ್ತೊಂದರಲ್ಲಿ ಯಾರು ಬರೆಯುತ್ತಾರೆ? ಸ್ವಂತ ಸಂಪಾದನೆಯಲ್ಲಿ ತೆಗೆದ 50 ಸೆಂಟ್ಸ್ ಅಡಿಕೆ ತೋಟ, ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡು, ಸೊಸೈಟಿಯಲ್ಲಿ ಸ್ವಲ್ಪ ಸಾಲ, ಇಷ್ಟು ಬಿಟ್ಟು ಹೋಗಿದ್ದರು. ತಿಂಗಳು ತುಂಬುವಷ್ಟರಲ್ಲಿ, ನವೆಂಬರ್ 8ಕ್ಕೆ, ನೋಟು ರದ್ದಾಯಿತು. ಬ್ಯಾಂಕಿನ ಮುಂದೆ ಉದ್ದುದ್ದ ಸಾಲು. ಬಸುರಿ ಹೆಂಗಸು ಆ ಸಾಲಿನಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ.

ಆ ಗಡಿಬಿಡಿಯಲ್ಲಿ ಮಾಸ್ಟ್ರ ತಮ್ಮ ಬೇಗ ವಾರಸು ಸರ್ಟಿಫಿಕೇಟ್ ಮಾಡಿಸೋಣ ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಸಾಲದ ಬಡ್ಡಿ ಏರುತ್ತದೆ ಅನ್ನುವ ಚಿಂತೆ. ವಿಲೇಜ್ ಆಫೀಸಿಗೆ ಕೊಡಲು ಅರ್ಜಿ ಬರೆದಾಯಿತು: ತಾಯಿ, ಹೆಂಡತಿ, ಮಗ. ಮೂರು ಹೆಸರು. ಪಕ್ಕದ ಮನೆಯ ರಿಟೈರ್ಡ್ ವಿಲೇಜ್ ಆಫೀಸರು ಅದನ್ನು ಓದಿ, ‘ನಾಲ್ಕನೆಯವರು ಎಲ್ಲಿ?’ ಅಂತ ಕೇಳಿದರು. ಎಲ್ಲರೂ ಮುಖ ಮುಖ ನೋಡಿಕೊಂಡರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಸೆಕ್ಷನ್ ಈ ವಿಷಯವನ್ನು ನೇರವಾಗಿ ಹೇಳುತ್ತದೆ. ವಿಲ್ ಇಲ್ಲದೆ ತೀರಿಕೊಂಡವರ ಮಗು ಆ ಹೊತ್ತಿಗೆ ಹೊಟ್ಟೆಯಲ್ಲಿದ್ದು ಆಮೇಲೆ ಜೀವಂತ ಹುಟ್ಟಿದರೆ, ಸಾವಿಗೆ ಮೊದಲೇ ಹುಟ್ಟಿದ ಮಗುವಿಗೆ ಏನು ಹಕ್ಕೋ ಅದೇ ಹಕ್ಕು ಅದಕ್ಕೂ ಇದೆ. ಹಕ್ಕು ಹುಟ್ಟಿದ ದಿನದಿಂದ ಲೆಕ್ಕ ಅಲ್ಲ, ಅಪ್ಪ ತೀರಿಕೊಂಡ ದಿನದಿಂದಲೇ ಲೆಕ್ಕ. ಮಾಸ್ಟ್ರದು ಮಕ್ಕಳಕಟ್ಟಿನ ಕುಟುಂಬ, ಅಂದರೆ ಆಸ್ತಿ ಅಳಿಯನಿಗಲ್ಲ, ಮಕ್ಕಳಿಗೆ ಹೋಗುವ ಪದ್ಧತಿ. ಹಾಗಾಗಿ ಮೊದಲ ವರ್ಗದ ವಾರಸುದಾರರು ಅಂದರೆ ತಾಯಿ, ಹೆಂಡತಿ, ಮಗ, ಹುಟ್ಟಲಿರುವ ಮಗು. ಗಂಡಾದರೂ ಹೆಣ್ಣಾದರೂ ಸಮಪಾಲು. ನಾಲ್ಕರಲ್ಲಿ ಒಂದು. ಮೊದಲ ವರ್ಗದವರು ಇರುವಾಗ ತಮ್ಮನಿಗೆ ಪಾಲು ಬರುವುದಿಲ್ಲ. ಇದನ್ನು ಕೇಳಿ ತಮ್ಮನಿಗೆ ಸ್ವಲ್ಪ ಬೇಜಾರಾದದ್ದು ನಿಜ. ಆದರೆ ಅರ್ಜಿಯನ್ನು ತಡೆಹಿಡಿದವರೂ ಅವರೇ.

ಮಗು ಹುಟ್ಟುವವರೆಗೆ ಕಾಯುವುದೇ ಸರಿ ಅನ್ನಿಸಿತು. ವಾರಸು ಸರ್ಟಿಫಿಕೇಟ್ ಅಂದರೆ ಗೆಜೆಟಿನಲ್ಲಿ ಪ್ರಕಟಣೆ ಬರಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು, ಆಮೇಲೆ ತಹಶೀಲ್ದಾರರ ಸಹಿ ಆಗಬೇಕು. ಒಮ್ಮೆ ಮೂರು ಹೆಸರಿನಲ್ಲಿ ಬಂದರೆ ನಾಲ್ಕನೆಯದನ್ನು ಸೇರಿಸಲು ಮತ್ತೆ ಅಷ್ಟೂ ಓಡಾಟ. ಸಾಲದ ವಿಷಯಕ್ಕೆ ಸೊಸೈಟಿಗೆ ಒಂದು ಪತ್ರ ಬರೆದುಕೊಟ್ಟರು, ಅವರು ಕಾದರು. ಮೂರು ತಿಂಗಳ ಬಡ್ಡಿಗೆ ಹೆದರಿ ಒಂದು ಮಗುವನ್ನು ಕಾಗದದಿಂದ ಬಿಟ್ಟುಬಿಡುವುದು ಅಂದರೆ ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ನಮ್ಮ ಊರುಗಳಲ್ಲಿ ಇದು ಗೊತ್ತಿಲ್ಲದೆಯೇ ನಡೆದುಹೋಗುತ್ತದೆ.

ಹೆರಿಗೆ ಮಂಗಳೂರಿನಲ್ಲಿ ಆಯಿತು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ಇಲ್ಲಾ ದೇರಳಕಟ್ಟೆ. ಹಾಗಾಗಿ ಅಪ್ಪನ ಮರಣ ಕೇರಳದ ದಾಖಲೆಯಲ್ಲಿ, ಮಗಳ ಜನನ ಕರ್ನಾಟಕದ ದಾಖಲೆಯಲ್ಲಿ. ಒಂದು ಮಲಯಾಳದಲ್ಲಿ, ಇನ್ನೊಂದು ಕನ್ನಡದಲ್ಲಿ. ಮಲಯಾಳದಲ್ಲಿ ಬರೆಯುವಾಗ ಮಾಸ್ಟ್ರ ಮನೆತನದ ಹೆಸರಿನ ಒಂದು ಅಕ್ಷರ ಬದಲಾಗಿತ್ತು. ಎರಡೂ ಕಡೆ ಒಬ್ಬನೇ ಮನುಷ್ಯ ಅಂತ ತೋರಿಸಬೇಕಾಯಿತು, ಅದಕ್ಕೊಂದು ಅಫಿಡವಿಟ್. ಗಡಿಯಲ್ಲಿ ಬದುಕುವವರಿಗೆ ಇದು ಹೊಸತಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಆದರೆ ಅಪ್ಪ ಬದುಕಿದ್ದರೆ ಒಂದು ಸಹಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ತಾಯಿ ತಿಂಗಳುಗಟ್ಟಲೆ ಅಲೆಯಬೇಕು. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು. ಅಪ್ಪನ ಹೆಸರಿನ ಹಿಂದೆ ‘ದಿವಂಗತ’ ಅಂತ ಬರೆಸಬೇಕಾ ಅಂತ ಆಕೆ ಕೇಳಿದ್ದರು. ಬೇಡ. ಜನನ ಪತ್ರ ಹೇಳುವುದು ಅಪ್ಪ ಯಾರು ಅಂತ ಮಾತ್ರ.

ಊರಿನವರ ಬಾಯಿ ಬೇರೆ. ಮಾಸ್ಟ್ರು ಯಕ್ಷಗಾನದವರು, ಹಾಗಾಗಿ ಮನೆಗೆ ಬಂದವರೆಲ್ಲ ಅಭಿಮನ್ಯುವಿನ ಮಾತೇ ಆಡುತ್ತಿದ್ದರು. ಅವನು ಚಕ್ರವ್ಯೂಹದಲ್ಲಿ ಬಿದ್ದಾಗ ಉತ್ತರೆ ಬಸುರಿ ಅಲ್ವಾ, ಇಲ್ಲೂ ಪರೀಕ್ಷಿತ ಬರುತ್ತಾನೆ ನೋಡಿ ಅಂತ ಸಮಾಧಾನ. ಹುಟ್ಟಿದ್ದು ಹೆಣ್ಣು ಅಂತ ಗೊತ್ತಾದ ಕೂಡಲೇ ಕೆಲವರ ಸಮಾಧಾನ ನಿಂತುಹೋಯಿತು. ಒಬ್ಬರಂತೂ ತೊಟ್ಟಿಲ ಪಕ್ಕವೇ ನಿಂತು ‘ಅಪ್ಪನನ್ನು ತಿಂದು ಬಂದದ್ದು’ ಅಂದರು. ಮಾಸ್ಟ್ರ ತಾಯಿ ಅಲ್ಲೇ ಇದ್ದರು. ‘ನನ್ನ ಮಗನಿಗೆ ಹೃದಯದ ಕಾಯಿಲೆ ಇತ್ತು. ಅದು ಡಾಕ್ಟ್ರು ಬರೆದುಕೊಟ್ಟದ್ದು. ಕಾಗದ ತೋರಿಸ್ಬೇಕಾ?’ ಅಂತ ಕೇಳಿದರು. ಆಮೇಲೆ ಆ ಮಾತು ಆ ಮನೆಯಲ್ಲಿ ಬಂದಿಲ್ಲ.

ಉಳಿದದ್ದು ಸುಲಭವಾಗಿಯೇ ಆಯಿತು. ಹೆಂಡತಿಗೆ ಕುಟುಂಬ ಪಿಂಚಣಿ ಬಂತು. ಅನುದಾನಿತ ಶಾಲೆಯವರು ಸೇವೆಯಲ್ಲಿರುವಾಗ ತೀರಿಕೊಂಡರೆ ಆಶ್ರಿತರಿಗೆ ಕೆಲಸ ಕೊಡಬೇಕು ಅಂತ ಕೇರಳ ಶಿಕ್ಷಣ ನಿಯಮಾವಳಿಯಲ್ಲಿ ಇದೆ. ಅದರಂತೆ ಅದೇ ಆಡಳಿತದ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ತೋಟಕ್ಕೆ ಒಬ್ಬರು ಒಳ್ಳೆ ರೇಟ್ ಹೇಳಿಕೊಂಡು ಬಂದಿದ್ದರು. ಚಿಕ್ಕ ಮಕ್ಕಳ ಪಾಲಿರುವ ಜಾಗವನ್ನು ತಾಯಿಯೇ ಮಾರುವುದಾದರೂ ಕೋರ್ಟಿನ ಅನುಮತಿ ಬೇಕು ಅಂತ ಗೊತ್ತಾದ ಮೇಲೆ ಅವರು ಮತ್ತೆ ಬರಲಿಲ್ಲ.

ಅಟ್ಟದ ಮೇಲಿನ ಪುಸ್ತಕಗಳು

ಇನ್ನು ಬರಹದ ಕಡೆಗೆ ಬರುತ್ತೇನೆ. ನನಗೆ ಹೆಚ್ಚು ಹೇಳಲಿಕ್ಕಿರುವುದು ಇಲ್ಲಿಯೇ.

ಮಾಸ್ಟ್ರು ಬರೆಯುತ್ತಿದ್ದದ್ದು ಅಂಗಡಿಯ ಲೆಕ್ಕಕ್ಕೆ ಬಳಸುವ ಉದ್ದದ ಪುಸ್ತಕಗಳಲ್ಲಿ. ಎಡಗಡೆ ಪುಟದಲ್ಲಿ ಕಚ್ಚಾ, ಬಲಗಡೆ ಪುಟದಲ್ಲಿ ಸರಿ ಮಾಡಿದ್ದು. ಪ್ರತಿ ಪದ್ಯದ ತಲೆಯಲ್ಲಿ ರಾಗ, ತಾಳ: ‘ಭೈರವಿ, ಏಕತಾಳ’, ‘ಸೌರಾಷ್ಟ್ರ, ತ್ರಿವುಡೆ’. ಸಮಾಧಾನವಾಗದ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ. ಪೂರಾ ಬೇಡ ಅನ್ನಿಸಿದ್ದಕ್ಕೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ‘ಬೇಡ’. ಎಲ್ಲ ಸೇರಿ ಐದು ಪ್ರಸಂಗ. ಒಂದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡಿದ್ದರು. ಇನ್ನೊಂದನ್ನು ಹವ್ಯಾಸಿ ತಂಡದವರು ದೇವಸ್ಥಾನದ ಜಾತ್ರೆಯಲ್ಲಿ ಆಡಿದ್ದರು. ಎರಡು ಪೂರ್ತಿಯಾಗಿದ್ದವು, ರಂಗಕ್ಕೆ ಹೋಗಿರಲಿಲ್ಲ. ಐದನೆಯದು ಶಬರಿಯ ಕಥೆ, ಅರ್ಧದಲ್ಲೇ ನಿಂತಿತ್ತು. ಇದಲ್ಲದೆ ಬಿಡಿ ಕವಿತೆಗಳು. ಅವುಗಳಲ್ಲಿ ಕೆಲವು ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಬಂದಿದ್ದವು.

ನಮ್ಮ ಮಳೆಗಾಲದಲ್ಲಿ ಕಾಗದ ಉಳಿಯುವುದು ಕಷ್ಟ. ಮೊದಲು ಮಾಡಿದ ಕೆಲಸ ಪ್ರತಿ ಪುಟದ ಫೋಟೋ ತೆಗೆದದ್ದು. ಅಂಗಳದ ಬೆಳಕಿನಲ್ಲಿ, ಹಾಳೆ ಮಡಿಸದೆ, ಖಾಲಿ ಪುಟವನ್ನೂ ಬಿಡದೆ. ಖಾಲಿ ಪುಟ ಯಾಕೆ ಅಂತ ಮಗ ಕೇಳಿದ. ಎಲ್ಲಿ ನಿಲ್ಲಿಸಿದ್ದಾರೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಮಾಸ್ಟ್ರ ಫೋನು ತೆರೆದುಕೊಟ್ಟದ್ದೂ ಅವನೇ. ಅಪ್ಪನ ಫೋನಿನಲ್ಲಿ ಗೇಮ್ ಆಡುತ್ತಿದ್ದ ಹುಡುಗ, ಲಾಕಿನ ಗೆರೆ ಹೇಗೆ ಎಳೆಯಬೇಕು ಅಂತ ಅವನೊಬ್ಬನಿಗೇ ಗೊತ್ತಿತ್ತು. ಕೊನೆಯ ಒಂದು ವರ್ಷ ಮಾಸ್ಟ್ರು ಪದ್ಯಗಳನ್ನು ವಾಟ್ಸಾಪಿನಲ್ಲಿ ಒಬ್ಬ ಭಾಗವತರಿಗೆ (ಯಕ್ಷಗಾನದ ಹಾಡುಗಾರರಿಗೆ) ಕಳಿಸುತ್ತಿದ್ದರು. ಅದರಲ್ಲಿ ದಿನಾಂಕ ಇತ್ತು, ಗಂಟೆ ಇತ್ತು. ಪದ್ಯದ ಯಾವ ರೂಪ ಮೊದಲಿನದು, ಯಾವುದು ತಿದ್ದಿದ್ದು ಅಂತ ಪುಸ್ತಕದಲ್ಲಿ ಗೊತ್ತಾಗದ್ದು ಅಲ್ಲಿ ಗೊತ್ತಾಯಿತು.

ಜಗಳ ಬಂದದ್ದು ಶಬರಿಯ ಪ್ರಸಂಗದ ಒಂದು ಭಾಮಿನಿಯ ಮೇಲೆ. ಭಾಮಿನಿ ಷಟ್ಪದಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಆರು ಸಾಲು, ಮೂರು ನಾಲ್ಕು ಮೂರು ನಾಲ್ಕು ಅಂತ ಮಾತ್ರೆ ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲು ಉದ್ದ, ಕೊನೆಗೆ ಒಂದು ಗುರು. ಮಾಸ್ಟ್ರು ಆರನೆಯ ಸಾಲನ್ನು ಅರ್ಧ ಬರೆದು ಚುಕ್ಕೆ ಇಟ್ಟು ಬಿಟ್ಟಿದ್ದರು. ರಾಮ ಬಂದು ಗುಡಿಸಲ ಮುಂದೆ ನಿಂತಿದ್ದಾನೆ, ಶಬರಿ ಏನೋ ಹೇಳಬೇಕು, ಅಲ್ಲಿಗೆ ಚುಕ್ಕೆ.

ಭಾಗವತರು ಆ ಭಾಮಿನಿಯನ್ನು ಒಂದು ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ಹಾಡಿ ಅರ್ಥ ಹೇಳುವ ಕೂಟದಲ್ಲಿ) ಹಾಡಿದ್ದರು, ಮಾಸ್ಟ್ರು ಹೋದ ಮೇಲೆ. ಚುಕ್ಕೆ ಇದ್ದಲ್ಲಿ ತಮ್ಮದೇ ಮಾತು ತುಂಬಿಸಿದ್ದರು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಪುಸ್ತಕದಲ್ಲೂ ಹಾಗೆಯೇ ಹಾಕಿ ಅಂದರು. ‘ರಂಗದಲ್ಲಿ ಅರ್ಧ ಸಾಲಿಗೆ ನಿಲ್ಲಿಸ್ಲಿಕ್ಕೆ ಆಗ್ತದಾ ಮಾಸ್ಟ್ರೇ?’ ಅಂತ ನನ್ನನ್ನು ಕೇಳಿದರು. ರಂಗದ ಮಟ್ಟಿಗೆ ಅವರ ಮಾತು ಸರಿ. ಹಾಡುವವನು ನಿಲ್ಲಿಸಲಾರ, ಮದ್ದಳೆಯವನು ಕಾಯುತ್ತಾನೆ, ಅರ್ಥ ಹೇಳುವವನಿಗೆ ಮಾತು ಶುರು ಮಾಡಲು ಎತ್ತುಗಡೆ ಬೇಕು.

ಆದರೆ ಫೋನಿನಲ್ಲಿ ಮಾಸ್ಟ್ರ ಧ್ವನಿಯೇ ಇತ್ತು. ಅದೇ ಭಾಮಿನಿ ಕಳಿಸಿದ ರಾತ್ರಿ ಹೇಳಿದ್ದು: ‘ಆರನೇ ಸಾಲು ಕೂತಿಲ್ಲ. ಸುಮ್ನೆ ಏನಾದ್ರೂ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ.’ ಭಾಗವತರನ್ನು ಕೂರಿಸಿ ಅದನ್ನು ಕೇಳಿಸಿದೆವು. ಅವರು ಮತ್ತೊಮ್ಮೆ ಹಾಕಿ ಅಂದರು, ಮತ್ತೊಮ್ಮೆ ಕೇಳಿದರು. ಆಮೇಲೆ ಒಪ್ಪಿದರು. ಪುಸ್ತಕದಲ್ಲಿ ಆ ಸಾಲು ಚುಕ್ಕೆಯ ಜೊತೆಗೇ ಅಚ್ಚಾಗಿದೆ. ಪುಟದ ಅಡಿಯಲ್ಲಿ ಭಾಗವತರ ಸಾಲು, ಅವರ ಹೆಸರಿನೊಂದಿಗೆ. ಹಾಡುವವರಿಗೂ ಸಿಕ್ಕಿತು, ಮಾಸ್ಟ್ರ ಮಾತೂ ಉಳಿಯಿತು.

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹೋದವರ ಬರಹವನ್ನು ಪೂರ್ತಿ ಮಾಡುವ ಹಕ್ಕು ಯಾರಿಗೂ ಇಲ್ಲ. ಗೆಳೆಯನಿಗಿಲ್ಲ, ಗುರುವಿಗಿಲ್ಲ, ಸಂಪಾದಕನಿಗಂತೂ ಇಲ್ಲವೇ ಇಲ್ಲ. ಕಾಗುಣಿತದ ತಪ್ಪು ತಿದ್ದಬಹುದು, ಅದನ್ನೂ ತಿದ್ದಿದ್ದೇವೆ ಅಂತ ಹೇಳಬೇಕು. ಅಡ್ಡ ಗೆರೆ ಎಳೆದು ‘ಬೇಡ’ ಅಂದದ್ದನ್ನು ಅಚ್ಚು ಮಾಡಬಾರದು. ಅಂಥ ಪದ್ಯಗಳು ಮನೆಯ ಫೋಟೋ ಪ್ರತಿಯಲ್ಲಿ ಇವೆ, ಪುಸ್ತಕದಲ್ಲಿ ಇಲ್ಲ. ಬದುಕಿರುವ ಒಬ್ಬರನ್ನು ಚುಚ್ಚಿ ಬರೆದ ಒಂದು ಕವಿತೆಯನ್ನೂ ಬಿಟ್ಟೆವು. ಅದು ಹೆಂಡತಿಯ ತೀರ್ಮಾನ. ಒಳ್ಳೆ ಕವಿತೆ, ಆದರೆ ನಾಳೆ ಆ ಮನುಷ್ಯ ಕೇಳಿಕೊಂಡು ಬಂದರೆ ಉತ್ತರ ಹೇಳಬೇಕಾದವರು ಆಕೆ. ಹಾಗಾಗಿ ತೀರ್ಮಾನವೂ ಅವರದ್ದೇ ಆಗಬೇಕು.

ಹೆಸರಿನ ವಿಷಯದಲ್ಲಿ ನಾವು ಇಷ್ಟು ಜಾಗ್ರತೆ ಮಾಡಲು ಕಾರಣ ಇದೆ. ನಮ್ಮದು ಪಾರ್ತಿಸುಬ್ಬನ ನೆಲ. ಕುಂಬಳೆ ಇಲ್ಲಿಂದ ದೂರ ಇಲ್ಲ. ರಾಮಾಯಣದ ಪ್ರಸಂಗಗಳನ್ನು ಬರೆದವನು ಅವನು, ತೆಂಕುತಿಟ್ಟಿನ, ಅಂದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯ, ಹಾಡುಗಾರರ ಬಾಯಲ್ಲಿ ‘ಪಂಚವಟಿ’ ‘ಅಂಗದ ಸಂಧಾನ’ ಇವತ್ತಿಗೂ ಇವೆ. ಆದರೆ ಪದ್ಯಗಳಲ್ಲಿ ಬರುವುದು ಕಣ್ವಪುರದ (ಕುಂಬಳೆಯ) ಕೃಷ್ಣ ದೇವರ ಹೆಸರು, ಕವಿ ತನ್ನ ಊರು ಮನೆ ಕಾಲ ಯಾವುದನ್ನೂ ಹೇಳಿಕೊಂಡಿಲ್ಲ. ಹಾಗಾಗಿ ಅವನು ಯಾರು, ಯಾವಾಗ ಇದ್ದ, ಇವೆಲ್ಲ ನಿಜವಾಗಿಯೂ ಅವನದ್ದೇನಾ ಅಂತ ದೊಡ್ಡ ಚರ್ಚೆಯೇ ನಡೆಯಿತು. ಮುಳಿಯ ತಿಮ್ಮಪ್ಪಯ್ಯನವರು ಅವನ ಪರವಾಗಿ ಬರೆದರು, ಶಿವರಾಮ ಕಾರಂತರು ಪ್ರಶ್ನೆ ಮಾಡಿದರು, ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಸಂಪಾದಿಸಿದರು. ಈಗ ಕರ್ನಾಟಕ ಯಕ್ಷಗಾನ ಅಕಾಡೆಮಿ ಅವನ ಹೆಸರಿನಲ್ಲೇ ದೊಡ್ಡ ಪ್ರಶಸ್ತಿ ಕೊಡುತ್ತದೆ. ಹೆಸರು ಬಂತು, ಮನುಷ್ಯ ಮಸುಕಾದ.

ಇನ್ನೊಬ್ಬರು ಮುದ್ದಣ. ನಂದಳಿಕೆ ಲಕ್ಷ್ಮೀನಾರಾಯಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮಾಸ್ಟ್ರು, ಪ್ರಸಂಗಗಳನ್ನೂ ಬರೆದವರು. ತಮ್ಮ ಕಾವ್ಯವನ್ನು ಹಳೆಯ ಕವಿಯದ್ದು ಅಂತ ಮೈಸೂರಿಗೆ ಕಳಿಸಿದರು. 1901ರಲ್ಲಿ, 31ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಮುದ್ದಣ ಅಂದರೆ ಈ ಬಡ ಮಾಸ್ಟ್ರೇ ಅಂತ ಕನ್ನಡ ನಾಡಿಗೆಲ್ಲ ಗೊತ್ತಾಗುವಾಗ ಅವರು ಇರಲಿಲ್ಲ. ಈ ಇಬ್ಬರ ಕಥೆ ಗೊತ್ತಿರುವ ನಾವೂ ಜಾಗ್ರತೆ ಮಾಡದಿದ್ದರೆ ಇನ್ಯಾರು ಮಾಡಬೇಕು? ಪುಸ್ತಕದ ಕೊನೆಗೆ ಪ್ರತಿ ಪ್ರಸಂಗ ಮಾಸ್ಟ್ರ ಯಾವ ಕೈಬರಹದ ಪುಸ್ತಕದಲ್ಲಿ ಸಿಕ್ಕಿತು, ಯಾವ ವರ್ಷ ಬರೆದದ್ದು, ಎಲ್ಲಿ ಆಡಿದ್ದು ಅಂತ ಒಂದು ಪಟ್ಟಿ ಹಾಕಿದ್ದೇವೆ. ಅಚ್ಚಿನವರು ನಾಲ್ಕು ಪುಟ ಜಾಸ್ತಿಯಾಗುತ್ತದೆ ಅಂದರು. ಆಗಲಿ ಅಂದೆವು.

ಬರಹದ ಹಕ್ಕು ಯಾರದ್ದು

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಪ್ರಕಾಶಕರು ಒಪ್ಪಂದದ ಕಾಗದ ಕಳಿಸಿದರು. ಹೆಂಡತಿಯ ಹೆಸರು ಮಾತ್ರ ಇತ್ತು. ತೋಟದ ಲೆಕ್ಕ ಒಮ್ಮೆ ಮಾಡಿದ್ದರಿಂದ ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ಆಕೆಯೇ ಕೇಳಿದರು: ‘ಇದೂ ನಾಲ್ಕು ಪಾಲು ಅಲ್ವಾ?’

ಹೌದು. ಬರಹದ ಹಕ್ಕೂ ಆಸ್ತಿಯೇ, ವಿಲ್ ಇಲ್ಲದಿದ್ದರೆ ವಾರಸುದಾರರಿಗೆ ತೋಟದ ಹಾಗೆಯೇ ಹೋಗುತ್ತದೆ. ಅಪ್ಪನ ಮುಖ ನೋಡದ ಮಗಳು ಅವರ ಪ್ರಸಂಗಗಳಿಗೆ ನಾಲ್ಕನೇ ಒಂದು ಪಾಲಿನ ಒಡತಿ. ಕೈಬರಹದ ಒಂದು ಪುಸ್ತಕ ಭಾಗವತರ ಮನೆಯಲ್ಲೇ ಇತ್ತು, ಮಾಸ್ಟ್ರು ಓದಲು ಕೊಟ್ಟದ್ದು. ಪುಸ್ತಕ ಕೈಯಲ್ಲಿದೆ ಅಂದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಇದನ್ನು ಅವರು ಕೇಳುವ ಮೊದಲೇ ಹೇಳಿದೆವು, ಮನಸ್ತಾಪಕ್ಕೆ ಜಾಗ ಬೇಡ ಅಂತ.

ಹಕ್ಕು ಎಷ್ಟು ವರ್ಷ ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಪ್ರಸಂಗಕರ್ತರ ಮನೆಯವರು ಇದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ಬದುಕಿರುವಾಗ ಪ್ರಕಟವಾದದ್ದಕ್ಕೆ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಮಂಜೇಶ್ವರದ ಗೋವಿಂದ ಪೈಗಳನ್ನೇ ತೆಗೆದುಕೊಳ್ಳಿ. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಅವರ ಕಾಲದಲ್ಲೇ ಅಚ್ಚಾದ ಬರಹಗಳ ಹಕ್ಕು 2023ರ ಕೊನೆಗೆ ಮುಗಿಯಿತು. ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು. ಲೇಖಕ ಹೋದ ಮೇಲೆ ಮೊದಲ ಸಲ ಪ್ರಕಟವಾದದ್ದಕ್ಕೆ ಲೆಕ್ಕ ಬೇರೆ. ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸೂಕ್ಷ್ಮ ಇರುವುದು ಇಲ್ಲಿ: ಈ ಲೆಕ್ಕಕ್ಕೆ, ಜನರ ಮುಂದೆ ಆಡಿ ತೋರಿಸಿದ್ದನ್ನೂ ಪ್ರಕಟವಾದದ್ದು ಅಂತಲೇ ಕಾನೂನು ಹಿಡಿಯುತ್ತದೆ.

ಹಾಗಾಗಿ ಮಾಸ್ಟ್ರ ಒಂದೇ ಪುಸ್ತಕದಲ್ಲಿ ಎರಡು ಲೆಕ್ಕ ಇದೆ. ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡಿದ್ದು, ಜಾತ್ರೆಯಲ್ಲಿ ಹವ್ಯಾಸಿಗಳು ಆಡಿದ್ದು, ಪುರವಣಿಯಲ್ಲಿ ಬಂದ ಕವಿತೆಗಳು, ಇವಕ್ಕೆ 2076ರ ಕೊನೆಯವರೆಗೆ ಹಕ್ಕು. ರಂಗ ಕಾಣದ ಎರಡು ಪ್ರಸಂಗಗಳಿಗೆ 2081ರ ಕೊನೆಯವರೆಗೆ. ಶಬರಿಯದ್ದು ಪೂರ್ತಿ ಆಡಿದ್ದಲ್ಲ, ತಾಳಮದ್ದಳೆಯಲ್ಲಿ ಹಾಡಿದ್ದೂ ಮಾಸ್ಟ್ರು ಹೋದ ಮೇಲೆ. ಹಾಗಾಗಿ ಅದನ್ನು ಎರಡನೆಯ ಗುಂಪಿನಲ್ಲಿ, ಟಿಪ್ಪಣಿ ಸಮೇತ ಇಟ್ಟಿದ್ದೇವೆ. ಎಲ್ಲಿ ಆಡಿದ್ದು ಅನ್ನುವ ಆ ನಾಲ್ಕು ಪುಟದ ಪಟ್ಟಿ ಇಲ್ಲಿಯೂ ಉಪಯೋಗಕ್ಕೆ ಬಂತು.

ದುಡ್ಡಿನ ಹಕ್ಕಿನ ಜೊತೆ ಇನ್ನೊಂದು ಹಕ್ಕೂ ಇದೆ. ಕೃತಿ ಇಂಥವರದ್ದು ಅಂತ ಹೇಳಿಸಿಕೊಳ್ಳುವುದು, ಅದನ್ನು ಕೆಡಿಸಿದರೆ ತಡೆಯುವುದು. ಲೇಖಕ ಹೋದ ಮೇಲೆ ಮನೆಯವರೂ ಇದನ್ನು ಕೇಳಬಹುದು. ಒಂದು ತಂಡದವರು ಜಾತ್ರೆಯ ಪ್ರಸಂಗವನ್ನು ಮತ್ತೆ ಆಡುವಾಗ ಕರಪತ್ರದಲ್ಲಿ ಮಾಸ್ಟ್ರ ಹೆಸರನ್ನೇ ಹಾಕಿರಲಿಲ್ಲ. ಮಗ ಒಂದು ಫೋನ್ ಮಾಡಿದ. ಹುಡುಗ ಆಗ ಎಂಟನೇ ಕ್ಲಾಸು. ಅವರು ಕ್ಷಮೆ ಕೇಳಿ ಮೈಕಿನಲ್ಲಿ ಹೆಸರು ಹೇಳಿದರು. ಹಣ ಕೇಳಲಿಲ್ಲ. ಹವ್ಯಾಸಿಗಳಿಂದ ಕೇಳುವುದು ಬೇಡ ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

ಪುಸ್ತಕ 2020ರಲ್ಲೇ ಬರಬೇಕಿತ್ತು. ಪ್ರೆಸ್ ಮಂಗಳೂರಿನಲ್ಲಿ. ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೇ ಹೋಗಲಾಗದೆ ಜನ ಸತ್ತ ಆ ದಿನಗಳಲ್ಲಿ ಪ್ರೂಫಿನ ಮಾತು ಎತ್ತಲು ಯಾರಿಗೂ ಮನಸ್ಸಾಗಲಿಲ್ಲ. ಹಾಗೆ 2021 ಆಯಿತು.

ಶಾಲು, ಫಲಕ, ಚೆಕ್ಕು

ಪುಸ್ತಕ ಬಂದ ಮರುವರ್ಷ ಒಂದು ಸಂಘದವರು ಮಾಸ್ಟ್ರಿಗೆ ಮರಣೋತ್ತರ ಪ್ರಶಸ್ತಿ ಕೊಡುತ್ತೇವೆ ಅಂದರು. ಸಂತೋಷವೇ. ಹೋದ ಮೇಲೆ ಕೊಟ್ಟು ಏನು ಪ್ರಯೋಜನ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿಮರ್ಶಕ ಡಿ. ಆರ್. ನಾಗರಾಜ್ 1998ರಲ್ಲಿ, 44ರಲ್ಲಿ ಹೋದರು, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರನ್ನು ಓದದಿದ್ದ ಎಷ್ಟೋ ಜನ ಆಗ ಓದಿದರು. ಪುನೀತ್ ರಾಜ್‌ಕುಮಾರ್ ಅವರಿಗೆ 2022ರ ರಾಜ್ಯೋತ್ಸವದ ದಿನ ಕರ್ನಾಟಕ ರತ್ನ ಕೊಟ್ಟಾಗ ಕಾಸರಗೋಡಿನ ಮನೆಗಳಲ್ಲೂ ಟಿವಿ ಮುಂದೆ ಜನ ಅತ್ತರು. ಹೋದವರಿಗೆ ಪ್ರಶಸ್ತಿ ಬೇಕಾಗಿಲ್ಲ, ಅವರ ಕೆಲಸಕ್ಕೆ ಬೇಕು.

ಆದರೆ ಕೊಡುವವರು ಸ್ವಲ್ಪ ಯೋಚನೆ ಮಾಡಬೇಕು. ಈ ಸಂಘದವರು ಆಮಂತ್ರಣದಲ್ಲಿ ಪ್ರಶಸ್ತಿ ಸ್ವೀಕರಿಸುವವರು ಅಂತ ಮಾಸ್ಟ್ರ ತಮ್ಮನ ಹೆಸರು ಹಾಕಿದ್ದರು. ಹೆಂಡತಿಯನ್ನು ಕೇಳಿರಲೇ ಇಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಸನ್ಮಾನ ಅಂದರೆ ಹರಿವಾಣದಲ್ಲಿ ಅರಶಿನ ಕುಂಕುಮ ಹೂ ಇರುತ್ತದೆ. ಗಂಡ ಹೋದವಳಿಗೆ ಅದನ್ನು ಹೇಗೆ ಕೊಡುವುದು ಅಂತ. ತಮ್ಮನಿಗೇ ಇದು ಸರಿ ಕಾಣಲಿಲ್ಲ, ತಾಯಿಯ ಹತ್ತಿರ ಹೇಳಿದರು. ಆ ಅಜ್ಜಿ ಸಂಘದವರಿಗೆ ಫೋನ್ ಮಾಡಿಸಿದರು. ‘ಪುಸ್ತಕ ಗೆದ್ದಲು ಹಿಡಿಯದ ಹಾಗೆ ನೋಡಿಕೊಂಡದ್ದು ನನ್ನ ಸೊಸೆ. ವೇದಿಕೆಗೆ ಅವಳೇ ಬರ್ತಾಳೆ. ಹರಿವಾಣದಲ್ಲಿ ಏನೆಲ್ಲ ಉಂಟೋ ಎಲ್ಲ ಇರ್ಲಿ.’ ಹಾಗೆಯೇ ಆಯಿತು. ಶಾಲು ಹೊದೆಸಿದರು, ಹೂ ಕೊಟ್ಟರು, ಆಕೆ ಮುಡಿದುಕೊಂಡರು.

ಅಷ್ಟರಲ್ಲಿ ನಿರೂಪಕರು ಐದು ವರ್ಷದ ಹುಡುಗಿಯನ್ನು ವೇದಿಕೆಗೆ ಕರೆದು, ‘ಅಪ್ಪನ ಮುಖವನ್ನೇ ಕಾಣದ ಕಂದ’ ಅಂತ ಮೈಕಿನಲ್ಲಿ ಹೇಳಿದರು. ಸಭೆಯಲ್ಲಿ ಅಯ್ಯೋ ಅಂದರು. ಹುಡುಗಿ ಹೆದರಿ ಅಣ್ಣನ ಹಿಂದೆ ಹೋಗಿ ನಿಂತಳು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಮಗುವಿಗೆ ಅಪ್ಪ ಇಲ್ಲ ಅನ್ನುವುದು ಸಭೆಗೆ ಕಣ್ಣೀರು ತರಿಸುವ ಸಾಮಾನಲ್ಲ. ಅವಳನ್ನು ವೇದಿಕೆಗೆ ಕರೆಯುವುದಾದರೆ ಹಕ್ಕುದಾರಳು ಅಂತ ಕರೆಯಿರಿ, ಅವಳ ಕೈಗೂ ಒಂದು ಪುಸ್ತಕ ಕೊಡಿ.

ಚೆಕ್ಕಿನ ಕಥೆ ಮರುದಿನ ಗೊತ್ತಾಯಿತು. ಪ್ರಶಸ್ತಿಯ ಮೊತ್ತದ ಚೆಕ್ಕನ್ನು ತೀರಿಕೊಂಡ ಮಾಸ್ಟ್ರ ಹೆಸರಿಗೇ ಬರೆದಿದ್ದರು. ಅವರ ಖಾತೆ ಮುಚ್ಚಿ ವರ್ಷಗಳಾಗಿತ್ತು. ಅದನ್ನು ವಾಪಸ್ ಕೊಟ್ಟು ಬೇರೆ ಬರೆಸಬೇಕಾಯಿತು. ಬರೆಸುವಾಗ ಯಾರ ಹೆಸರು ಅನ್ನುವ ಪ್ರಶ್ನೆ. ಇದು ಮಾಸ್ಟ್ರು ಬಿಟ್ಟುಹೋದ ದುಡ್ಡಲ್ಲ, ಅವರು ಹೋದ ಮೇಲೆ ಸಂಘದವರು ಕೊಡುತ್ತಿರುವುದು. ಯಾರಿಗೆ ಅಂತ ಕೊಡುವವರೇ ಸ್ಪಷ್ಟ ಬರೆಯಬೇಕು. ಮರಣೋತ್ತರ ಪ್ರಶಸ್ತಿ ಕೊಡುವ ಎಲ್ಲ ಸಂಘಗಳೂ ತಮ್ಮ ನಿಯಮದಲ್ಲಿ ಇದೊಂದು ಸಾಲು ಸೇರಿಸಿಕೊಂಡರೆ ಒಳ್ಳೆಯದು. ಇಲ್ಲಿ ಹೆಂಡತಿಯ ಹೆಸರಿಗೆ ಬರೆದರು.

ಈಗ ಇರುವ ಸ್ಥಿತಿ

ಪುಸ್ತಕದ 500 ಪ್ರತಿಗಳು ಹೆಚ್ಚುಕಮ್ಮಿ ಮುಗಿದಿವೆ. ಗೌರವಧನ ದೊಡ್ಡದೇನಲ್ಲ. ಆದರೂ ನಾಲ್ಕು ಭಾಗ ಮಾಡಿ, ಮಕ್ಕಳ ಪಾಲನ್ನು ಅಂಚೆ ಕಚೇರಿಯಲ್ಲಿ ಅವರವರ ಹೆಸರಿನಲ್ಲಿ ಇಟ್ಟಿದ್ದಾರೆ. ಅಜ್ಜಿ ತಮ್ಮ ಪಾಲನ್ನು ಮೊಮ್ಮಗಳಿಗೆ ಅಂತ ವಿಲ್ ಬರೆದಿಟ್ಟಿದ್ದಾರೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಮಗ ಹೋದಾಗ ಕಾಗದ ಇಲ್ಲದೆ ಆದ ಕಷ್ಟ ಅವರಿಗೆ ನೆನಪಿದೆ.

ಶಬರಿಯ ಪ್ರಸಂಗವನ್ನು ಮಲಯಾಳಕ್ಕೆ ಅನುವಾದ ಮಾಡುತ್ತೇವೆ ಅಂತ ಒಬ್ಬರು ಕೇಳಿದ್ದಾರೆ. ಅನುವಾದದ ಅನುಮತಿ ಕೊಡಬೇಕಾದವರೂ ಈ ನಾಲ್ವರೇ. ಚುಕ್ಕೆಯ ಸಾಲನ್ನು ಅಲ್ಲಿಯೂ ತುಂಬಿಸಬಾರದು ಅಂತ ಷರತ್ತು ಹಾಕಿದ್ದೇವೆ, ಅವರು ಒಪ್ಪಿದ್ದಾರೆ.

ಎರಡನೇ ಮುದ್ರಣದ ಒಪ್ಪಂದ ಈಗ ಮೇಜಿನ ಮೇಲಿದೆ. ಮಕ್ಕಳ ಪರವಾಗಿ ತಾಯಿ ಸಹಿ ಮಾಡುತ್ತಾರೆ. ಹುಡುಗಿಗೆ 18 ತುಂಬುವುದು 2035ರ ಜನವರಿಯಲ್ಲಿ. ಅದರ ನಂತರದ ಯಾವ ಮುದ್ರಣಕ್ಕೂ ಅವಳದ್ದೇ ಸಹಿ ಬೇಕು ಅಂತ ಒಪ್ಪಂದದಲ್ಲಿ ಸೇರಿಸಲು ಪ್ರಕಾಶಕರಿಗೆ ಬರೆದಿದ್ದೇವೆ.